ವಿಕಿರಣ ಬಿದ್ದ ಜಾಗದ ಲೆಕ್ಕ

ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಖರ್ಚಿನದು. ಅದರ ಹಿಂದೆಯೇ ಬರುವ ಎರಡನೆಯ ಪ್ರಶ್ನೆ, ಇದರಿಂದಲೇ ಇನ್ನೊಂದು ಕ್ಯಾನ್ಸರ್ ಬಂದುಬಿಟ್ಟರೆ ಏನು ಗತಿ ಎಂಬುದು. 2013ರಲ್ಲಿ, ನನಗೆ 46 ವರ್ಷ ವಯಸ್ಸಾಗಿದ್ದಾಗ, ನನ್ನ ಎಡಸ್ತನದ ಗಂಟನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು ಸ್ತನವನ್ನು ಉಳಿಸಿಕೊಟ್ಟಿದ್ದರು. ಕೀಮೋಥೆರಪಿ ಮುಗಿದಿತ್ತು. ಉಳಿದದ್ದು, ನಮ್ಮ ಹಾಸನದ ಕಡೆ ‘ಕರೆಂಟ್ ಕೊಡುವುದು’ ಎಂದು ಜನ ಕರೆಯುವ ರೇಡಿಯೇಷನ್. ನೋಡಲು ಬಂದಿದ್ದ ದೊಡ್ಡ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, “ಕರೆಂಟ್ ಕೊಡಿಸಿದ್ರೆ ಇರೋ ಕಾಯಿಲೆ ಹೋಗಿ ಇಲ್ಲದ್ದು ಬರುತ್ತಂತೆ ಕಣೇ. ಗಂಟು ತೆಗೆಸಿದ್ದಾಯ್ತಲ್ಲ, ಅಷ್ಟಕ್ಕೇ ಬಿಟ್ಟುಬಿಡು” ಎಂದರು. ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ವಿಕಿರಣವು ಕ್ಯಾನ್ಸರ್ ಕೋಶಗಳ ಡಿಎನ್‌ಎಯನ್ನು ತುಂಡರಿಸಿ ಅವುಗಳನ್ನು ಕೊಲ್ಲುತ್ತದೆಂದು ಓದಿ ಬಲ್ಲವಳಿಗೆ, ಅದೇ ಕಿರಣ ಪಕ್ಕದ ಆರೋಗ್ಯವಂತ ಕೋಶಗಳ ಡಿಎನ್‌ಎಯನ್ನು ಮುಟ್ಟದೇ ಬಿಡುತ್ತದೆಂದು ನಂಬುವುದು ಕಷ್ಟವಾಗಿತ್ತು.

ನಾನು ವಿಮಾ ಕಚೇರಿಯೊಂದರಲ್ಲಿ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡಿದವಳು. ಅಪಾಯ ಎಂದರೆ ಎಷ್ಟು ಜನರಲ್ಲಿ ಎಷ್ಟು ಮಂದಿಗೆ, ಎಷ್ಟು ವರ್ಷದೊಳಗೆ ಎಂದು ಕೇಳುವುದು ನನಗೆ ರೂಢಿಯಾಗಿಹೋಗಿದೆ. ಆದ್ದರಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ವಿಕಿರಣ ತಜ್ಞೆಯ ಮುಂದೆ ಕುಳಿತಾಗ ಅತ್ತಿಗೆಯ ಮಾತನ್ನು ಹಾಗೆಯೇ ಮುಂದಿಟ್ಟು, ಲೆಕ್ಕ ಹೇಳಿ ಡಾಕ್ಟ್ರೇ ಎಂದೆ. ಅವರು ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದು, ಎಡಕ್ಕೆ ಲಾಭ, ಬಲಕ್ಕೆ ನಷ್ಟ ಎಂದು ಬರೆದರು. ಎಡಗಡೆಗೆ ಬಂದದ್ದು, 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, 17 ಪ್ರಯೋಗಗಳ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಅಂಕಿಗಳು. ಗಂಟನ್ನಷ್ಟೇ ತೆಗೆಸಿಕೊಂಡವರಲ್ಲಿ 10 ವರ್ಷದೊಳಗೆ ಶೇ. 35ರಷ್ಟು ಮಂದಿಗೆ ರೋಗ ಮರುಕಳಿಸಿದ್ದರೆ, ಜೊತೆಗೆ ವಿಕಿರಣವನ್ನೂ ಪಡೆದವರಲ್ಲಿ ಅದು ಶೇ. 19ಕ್ಕೆ ಇಳಿದಿತ್ತು, 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಶೇ. 25ರಿಂದ ಶೇ. 21ಕ್ಕೆ ಬಂದಿತ್ತು. ಬಲಗಡೆಗೆ ಬರೆಯುವಾಗ ಅವರು ಸ್ವಲ್ಪ ನಿಧಾನಿಸಿದರು. ಶ್ವಾಸಕೋಶ, ಅನ್ನನಾಳ, ಚರ್ಮ ಮತ್ತು ಅದರ ಕೆಳಗಿನ ಮೃದು ಅಂಗಾಂಶ, ಇನ್ನೊಂದು ಸ್ತನ ಎಂದು ಬರೆದು, ಇವುಗಳಲ್ಲಿ ಗಟ್ಟಿ ಗಡ್ಡೆಯ ರೂಪದ ಕ್ಯಾನ್ಸರ್ ಬರುವುದಾದರೆ ಸಾಮಾನ್ಯವಾಗಿ ಐದು ವರ್ಷದ ಮೇಲೆ, ಹೆಚ್ಚಾಗಿ ಹತ್ತು ಹದಿನೈದು ವರ್ಷಗಳಾದ ಮೇಲೆ ಬರುತ್ತದೆ ಎಂದರು. “ನೋಡಿ ಮೇಡಂ, ಬಲಗಡೆ ಇರೋದೂ ನಿಜವೇ. ಆದರೆ ಎಡಗಡೆಯದು ನೂರಕ್ಕೆ ಇಷ್ಟು ಅಂತ ಎಣಿಸೋ ಲೆಕ್ಕ, ಬಲಗಡೆಯದರಲ್ಲಿ ಕೆಲವು ಸಾವಿರಕ್ಕೆ ಇಷ್ಟು ಅಂತ ಎಣಿಸಬೇಕು” ಎಂದದ್ದು ಅಂದಿನ ಮಾತುಗಳಲ್ಲೆಲ್ಲ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು.

ಅದೇ ದಿನ ಕೇಳಿದ ಇನ್ನೊಂದು ವಿಚಾರ, ವಿಕಿರಣದ ಮೇಲೆ ಹೊರಿಸುವ ತಪ್ಪಿನಲ್ಲಿ ಬಹುಪಾಲು ಬೇರೆ ಕಾರಣಗಳಿಗೆ ಸೇರಬೇಕಾದದ್ದು ಎಂಬುದು. ಒಮ್ಮೆ ಸ್ತನ ಕ್ಯಾನ್ಸರ್ ಬಂದವಳಿಗೆ ಇನ್ನೊಂದು ಸ್ತನದಲ್ಲೂ ಹೊಸದಾಗಿ ಕ್ಯಾನ್ಸರ್ ಬರುವ ಸಂಭವ ವರ್ಷಕ್ಕೆ ಸುಮಾರು ಶೇ. ಅರ್ಧದಷ್ಟು ಇರುತ್ತದೆ, ಹಾರ್ಮೋನು ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಕಡಿಮೆ, ಬಿಆರ್‌ಸಿಎ ಜೀನಿನ ದೋಷವಿದ್ದವರಲ್ಲಿ ಬಹಳ ಹೆಚ್ಚು. ಚದುರಿದ ಕಿರಣ ಬಲಸ್ತನಕ್ಕೆ ತಗುಲಿ ಅಲ್ಲಿ ರೋಗ ತರುವ ಸಂಭವವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪಾಯ ಏರಿದ್ದು ಕಂಡದ್ದು 40 ವರ್ಷದೊಳಗೆ ಚಿಕಿತ್ಸೆ ಪಡೆದವರಲ್ಲಿ ಮಾತ್ರ. ನನ್ನ ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದರಿಂದ ಜೀನ್ ಪರೀಕ್ಷೆಗೆ ರಕ್ತ ಕೊಟ್ಟೆ, ದೋಷ ಸಿಗಲಿಲ್ಲ. ಟಿಪಿ53 ಎಂಬ ಜೀನಿನ ದೋಷ ಹುಟ್ಟಿನಿಂದಲೇ ಇದ್ದವರಿಗೆ ವಿಕಿರಣದಿಂದ ಹೊಸ ಕ್ಯಾನ್ಸರ್ ಬರುವ ಅಪಾಯ ತೀರ ಹೆಚ್ಚಾದ್ದರಿಂದ ಅಂಥವರಲ್ಲಿ ಸಾಧ್ಯವಾದ ಮಟ್ಟಿಗೆ ವಿಕಿರಣವನ್ನೇ ತಪ್ಪಿಸುತ್ತಾರೆ. ಹಾಗಾಗಿ ಮನೆತನದಲ್ಲಿ ಚಿಕ್ಕ ವಯಸ್ಸಿನ ಕ್ಯಾನ್ಸರುಗಳಿದ್ದರೆ ಅದನ್ನು ವಿಕಿರಣ ಶುರುವಾಗುವ ಮೊದಲೇ ವೈದ್ಯರಿಗೆ ಹೇಳಿಬಿಡಬೇಕು. ಮದುವೆಯ ಮಾತುಕತೆಗೆ ತೊಡಕಾದೀತೆಂದು ನಮ್ಮಲ್ಲಿ ಇಂಥದ್ದನ್ನು ಮುಚ್ಚಿಡುತ್ತಾರೆ. ಆಸ್ಪತ್ರೆಯಲ್ಲೂ ಅದೇ ಅಭ್ಯಾಸ ಮುಂದುವರಿಯುತ್ತದೆ.

ಚಿಕಿತ್ಸೆಯ ಸಿದ್ಧತೆಯೇ ಒಂದು ಕೆಲಸ. ಸಿಟಿ ಸ್ಕ್ಯಾನಿನ ಹಲಗೆಯ ಮೇಲೆ ಓರೆಯಾಗಿ ಮಲಗಿಸಿ, ಎರಡೂ ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿಸಿ, ಗಾಯ ಮಾಗಿದ ಗೆರೆಯ ಮೇಲೆ ತೆಳು ತಂತಿ ಅಂಟಿಸಿದರು. ಆಮೇಲೆ ತಂತ್ರಜ್ಞೆ ಸೂಜಿಯ ತುದಿಯಲ್ಲಿ ಕಪ್ಪು ಶಾಯಿ ಅದ್ದಿ ಎದೆಯ ನಡುವೆ ಒಂದು, ಎರಡೂ ಪಕ್ಕೆಗಳಲ್ಲಿ ಒಂದೊಂದು ಹಚ್ಚೆಯ ಚುಕ್ಕಿ ಹಾಕಿದರು. ದಿನವೂ ಯಂತ್ರವಿರುವ ಕೋಣೆಯ ಗೋಡೆಯಿಂದ ಬರುವ ಕೆಂಪು ಬೆಳಕಿನ ಗೆರೆಗಳನ್ನು ಈ ಚುಕ್ಕಿಗಳ ಮೇಲೆಯೇ ಕೂರಿಸುತ್ತಾರೆ, ಅದರಿಂದ ಕಿರಣ ಪ್ರತಿಸಲವೂ ಒಂದೇ ಜಾಗಕ್ಕೆ ಬೀಳುತ್ತದೆ. ಭೌತವಿಜ್ಞಾನಿ ತಮ್ಮ ಪರದೆಯಲ್ಲಿ ನನ್ನ ಎದೆಯ ಅಡ್ಡ ಸೀಳಿನ ಚಿತ್ರ ತೋರಿಸಿದರು: ಕಿರಣಗಳು ನೇರವಾಗಿ ಎದೆಯೊಳಕ್ಕೆ ಹೋಗದೆ, ಒಂದು ಎದೆಮೂಳೆಯ ಕಡೆಯಿಂದ, ಇನ್ನೊಂದು ಪಕ್ಕೆಯ ಕಡೆಯಿಂದ, ಸ್ತನವನ್ನು ಓರೆಯಾಗಿ ಸವರಿಕೊಂಡು ಹೊರಬೀಳುವಂತೆ ಯೋಜಿಸಿದ್ದರು. ಆ ದಾರಿಯಲ್ಲಿ ಎಡ ಶ್ವಾಸಕೋಶದ ತೆಳುವಾದ ಅಂಚೊಂದು ಸಿಕ್ಕಿಕೊಳ್ಳುತ್ತಿತ್ತು. ಉಸಿರನ್ನು ಆಳವಾಗಿ ಎಳೆದು ಹಿಡಿದರೆ ಹೃದಯ ಎದೆಗೋಡೆಯಿಂದ ಹಿಂದೆ ಸರಿಯುತ್ತದೆಂದು ಎಡಭಾಗದವರಿಗೆ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಹಳೆಯ ಕಾಲದಲ್ಲಿ ಕೋಬಾಲ್ಟ್ ಯಂತ್ರದಿಂದ ಅಗಲವಾದ ಕ್ಷೇತ್ರಕ್ಕೆ ಕಿರಣ ಕೊಡಿಸಿಕೊಂಡವರ ಅಪಾಯದ ಅಂಕಿಗಳನ್ನು ಇಂದಿನವರಿಗೆ ಹಾಗೆಯೇ ಅನ್ವಯಿಸಬಾರದು ಎಂದು ಆ ಭೌತವಿಜ್ಞಾನಿ ಒತ್ತಿ ಹೇಳಿದರು. ಎರಡನೆಯ ಕ್ಯಾನ್ಸರ್ ಬೆಳೆಯಲು ದಶಕಗಳೇ ಹಿಡಿಯುವುದರಿಂದ, ನಮ್ಮ ಕೈಗೆ ಸಿಗುವ ದೀರ್ಘಕಾಲದ ಅಂಕಿಗಳೆಲ್ಲ ಯಾವಾಗಲೂ ಹಿಂದಿನ ತಲೆಮಾರಿನ ಯಂತ್ರಗಳವೇ ಆಗಿರುತ್ತವೆ.

ನನಗೆ ಕೊಟ್ಟದ್ದು 25 ಸಿಟ್ಟಿಂಗಿನಲ್ಲಿ 50 ಗ್ರೇ (ಗ್ರೇ ಎಂದರೆ ದೇಹಕ್ಕೆ ಸೇರುವ ವಿಕಿರಣವನ್ನು ಅಳೆಯುವ ಮಾನ), ಮೇಲೆ ಗಂಟಿದ್ದ ಜಾಗಕ್ಕಷ್ಟೇ ಒಂದಿಷ್ಟು ಹೆಚ್ಚುವರಿ. ಈಗ ಹೆಚ್ಚಿನ ಕಡೆ 15 ಸಿಟ್ಟಿಂಗಿನಲ್ಲಿ 40 ಗ್ರೇ ಕೊಟ್ಟು ಮುಗಿಸುತ್ತಾರೆ. ದಿನದ ಚಿಕಿತ್ಸೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ: ಕಾಯುವುದು ಗಂಟೆಗಟ್ಟಲೆ, ಯಂತ್ರದ ಕೆಳಗೆ ಇರುವುದು ಕೆಲವೇ ನಿಮಿಷ, ಕೊನೆಕೊನೆಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಕಪ್ಪಾಗಿ ಸುಲಿಯಿತು. ಹೇಳಬೇಕಾದದ್ದು ಕಾಯುವ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ, ಶಿರಾ ಕಡೆಯ ಹೆಂಗಸೊಬ್ಬರ ಸಂಗತಿ. ಆಕೆಗೆ ಕೊರಳೆಲುಬಿನ ಮೇಲಿನ ಭಾಗಕ್ಕೂ ಕಿರಣ ಕೊಡುತ್ತಿದ್ದರು. ಆ ಕ್ಷೇತ್ರದ ಅಂಚಿಗೆ ಅನ್ನನಾಳದ ಒಂದು ತುಣುಕೂ ಬರಬಹುದು. ಸೆರಗಿನ ಗಂಟಿನಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಸದಾ ಇರುತ್ತಿತ್ತು. “ಬೀಡಿ ಸೇದೋದಿಲ್ಲ ಕಣಕ್ಕಾ, ಇದೇನು ಮಾಡ್ತದೆ” ಎನ್ನುತ್ತಿದ್ದರು. ಹೊಗೆಸೊಪ್ಪು ಬಾಯಿಗೂ ಅನ್ನನಾಳಕ್ಕೂ ಕ್ಯಾನ್ಸರ್ ತರುತ್ತದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಇದ್ದುಕೊಂಡು ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಬೇಕು. ಆಸ್ಪತ್ರೆಯಲ್ಲಿ ಆಕೆಗೆ ಆ ಮಾತನ್ನು ಯಾರೂ ಹೇಳಿದ್ದು ನಾನು ಕಾಣೆ. ಮುಂದೆ 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಓದಿದಾಗ ನನಗೆ ನೆನಪಾದದ್ದು ಆಕೆಯೇ. ಆಧುನಿಕ ವಿಕಿರಣದಿಂದ ಶ್ವಾಸಕೋಶದ ಕ್ಯಾನ್ಸರ್ ಬರುವ ಹೆಚ್ಚುವರಿ ಅಪಾಯ ಧೂಮಪಾನ ಮಾಡದವರಲ್ಲಿ ಸುಮಾರು ಶೇ. 0.3 ಇದ್ದರೆ, ಸೇದುವುದನ್ನು ಬಿಡದೆ ಮುಂದುವರಿಸಿದವರಲ್ಲಿ ಅದು ಶೇ. 4ರ ಹತ್ತಿರಕ್ಕೆ ಹೋಗುತ್ತದೆ. ಒಂದೇ ಕಿರಣ, ಒಂದೇ ಪ್ರಮಾಣ. ಅಪಾಯ ಮಾತ್ರ ಹತ್ತು ಪಟ್ಟಿಗಿಂತ ಹೆಚ್ಚು. ವಿಕಿರಣಕ್ಕೆ ಹೆದರಿ ಬೇಡವೆನ್ನುವ ಮನೆಗಳಲ್ಲಿ ಬೀಡಿಗೆ ಯಾರೂ ಹೆದರುವುದಿಲ್ಲ.

ಚಿಕಿತ್ಸೆ ಮುಗಿದ ದಿನ ಕೊಟ್ಟ ಡಿಸ್ಚಾರ್ಜ್ ಪತ್ರದಲ್ಲಿ ವಿಕಿರಣ ಪೂರ್ಣಗೊಂಡಿದೆ ಎಂಬ ಒಂದೇ ಸಾಲು ಇತ್ತು. ಎಷ್ಟು ಗ್ರೇ, ಯಾವ ಯಾವ ಕ್ಷೇತ್ರ, ಯಾವ ಯಂತ್ರ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ವಿವರ ಬೇರೆಯಾಗಿ ಬೇಕೆಂದು ಕೌಂಟರಿನಲ್ಲಿ ಕೇಳಿದಾಗ, ಅದು ನಿಮಗ್ಯಾಕೆ ಎಂದು ಗುಮಾಸ್ತರು ಹುಬ್ಬೇರಿಸಿದರು. ಕ್ಲೇಮು ವಿಭಾಗದ ಅನುಭವ ಇಲ್ಲಿ ನೆರವಿಗೆ ಬಂತು. ಅರ್ಜಿ ಬರೆದು ಕೊಟ್ಟು, ಸಹಿ ಸೀಲು ಹಾಕಿದ ಹಾಳೆ ಕೈಗೆ ಸಿಗುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನ್ನನ್ನು ಮೊದಲು ಕಾಡಿದ್ದು ವಿಕಿರಣವಲ್ಲ, ಮಾತ್ರೆ. ನಾನು ತೆಗೆದುಕೊಳ್ಳುತ್ತಿದ್ದ ಟಮಾಕ್ಸಿಫೆನ್ ಎಂಬ ಹಾರ್ಮೋನು ಮಾತ್ರೆ ಸ್ತನದಲ್ಲಿ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನನ್ನು ತಡೆದರೂ ಗರ್ಭಕೋಶದ ಒಳಪದರದ ಮೇಲೆ ಈಸ್ಟ್ರೋಜೆನ್ನಿನಂತೆಯೇ ವರ್ತಿಸುತ್ತದೆ. ಐದು ವರ್ಷದ ಬದಲು ಹತ್ತು ವರ್ಷ ತೆಗೆದುಕೊಂಡರೆ ಹೇಗೆಂದು ನೋಡಿದ ಅಟ್ಲಾಸ್ ಎಂಬ ದೊಡ್ಡ ಪ್ರಯೋಗದಲ್ಲಿ ಸ್ತನ ಕ್ಯಾನ್ಸರಿನ ಸಾವುಗಳು ಕಡಿಮೆಯಾದವು, ಗರ್ಭಕೋಶದ ಕ್ಯಾನ್ಸರ್ ಮಾತ್ರ ಶೇ. 1.6ರಿಂದ ಶೇ. 3.1ಕ್ಕೆ ಏರಿತು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಬೆಳಗ್ಗೆ ರಕ್ತದ ಕಲೆ ಕಂಡಾಗ ನಾನು ಸ್ತ್ರೀರೋಗ ತಜ್ಞೆಯ ಬಳಿಗೆ ಹೋದೆ. ಸ್ಕ್ಯಾನಿನಲ್ಲಿ ಪದರ ದಪ್ಪಗಿತ್ತು, ಬಯಾಪ್ಸಿಯಲ್ಲಿ ಸಾಧಾರಣ ಪಾಲಿಪ್ ಎಂದು ಬಂತು. ಟಮಾಕ್ಸಿಫೆನ್ ನಿಲ್ಲಿಸಿ, ಗರ್ಭಕೋಶಕ್ಕೆ ಈ ತೊಂದರೆ ಕೊಡದ ಲೆಟ್ರೊಜೋಲ್ ಬರೆದರು. ಕೀಮೋಥೆರಪಿಯ ಕೆಂಪು ಔಷಧಿಯಿಂದಲೂ ಅದರ ಜೊತೆ ಕೊಟ್ಟ ಸೈಕ್ಲೊಫಾಸ್ಫಮೈಡಿನಿಂದಲೂ ರಕ್ತದ ಕ್ಯಾನ್ಸರ್ ಬರಬಹುದಾದರೂ ಅದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಸಾಮಾನ್ಯವಾಗಿ ಮೊದಲ ಹತ್ತು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ನನ್ನ ರಕ್ತದ ಎಣಿಕೆ ಒಂದು ಸಲವೂ ಕೈಕೊಟ್ಟಿಲ್ಲ.

2021ರಲ್ಲಿ, ವಿಕಿರಣ ಮುಗಿದು ಎಂಟು ವರ್ಷಗಳಾಗಿದ್ದಾಗ, ಎಡಸ್ತನದ ಒಳ ಕೆಳಭಾಗದಲ್ಲಿ, ನೇರಳೆ ಹಣ್ಣಿನ ರಸ ತಾಗಿದಂತೆ ಒಂದು ಕಲೆ ಕಂಡಿತು. ನೋವಿಲ್ಲ, ತುರಿಕೆಯಿಲ್ಲ, ಅಡ್ಡಲಾಗಿ ಆರೇಳು ಮಿಲಿಮೀಟರ್ ಇರಬಹುದು, ಬೆರಳಾಡಿಸಿದರೆ ಚರ್ಮದ ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬು. ಪೆಟ್ಟು ಬಿದ್ದ ಕಲೆಯಾದರೆ ನೀಲಿ ಹೋಗಿ ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ. ಇದು ಬಣ್ಣ ಬದಲಿಸಲಿಲ್ಲ. ಎರಡು ವಾರ ಕಾದು ಊರಿನ ನರ್ಸಿಂಗ್ ಹೋಮಿನಲ್ಲಿ ತೋರಿಸಿದೆ. ಅಲ್ಲಿನ ವೈದ್ಯರು ಒಳಉಡುಪು ಉಜ್ಜಿ ಆಗಿರಬಹುದೆಂದು ಮುಲಾಮು ಬರೆದರು. ಆ ಜಾಗಕ್ಕೆ ರೇಡಿಯೇಷನ್ ಆಗಿದೆ ಎಂದರೆ, “ಅದು ಎಂಟು ವರ್ಷದ ಹಿಂದಿನ ಮಾತಲ್ವಾ ಅಮ್ಮಾ” ಎಂದರು. ಎಂಟು ವರ್ಷವಾಗಿದೆ ಎಂಬುದೇ ನನ್ನ ಚಿಂತೆಗೆ ಕಾರಣವೆಂದು ಅವರಿಗೆ ಅನಿಸಲಿಲ್ಲ. ಅವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ವಿಕಿರಣ ಬಿದ್ದ ಸ್ತನದ ಚರ್ಮದಲ್ಲಿ ಹುಟ್ಟುವ ಆಂಜಿಯೊಸಾರ್ಕೋಮ, ಅಂದರೆ ರಕ್ತನಾಳದ ಒಳಪದರದ ಕ್ಯಾನ್ಸರ್, ಚಿಕಿತ್ಸೆ ಪಡೆದ ಸಾವಿರ ಜನರಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ. ಊರಿನ ವೈದ್ಯರೊಬ್ಬರು ತಮ್ಮ ವೃತ್ತಿಯುದ್ದಕ್ಕೂ ಒಂದನ್ನೂ ನೋಡದಿರಬಹುದು. ಅದು ಶುರುವಾಗುವುದು ಹೀಗೆಯೇ, ನೋವಿಲ್ಲದ ನೇರಳೆ ಕಲೆಯಾಗಿ. ಮ್ಯಾಮೊಗ್ರಾಮಿನಲ್ಲಿ ಅನೇಕ ವೇಳೆ ಸಿಕ್ಕಿಬೀಳುವುದೂ ಇಲ್ಲ. ಬಹಳ ವೇಗವಾಗಿ ಬೆಳೆಯುವ, ಸಾಮಾನ್ಯವಾಗಿ ಇಡೀ ಸ್ತನವನ್ನು ಅಗಲವಾಗಿ ಚರ್ಮಸಹಿತ ತೆಗೆಯಬೇಕಾಗುವ ರೋಗ.

ಮುಲಾಮಿನ ಚೀಟಿಯನ್ನು ಚೀಲದಲ್ಲಿಟ್ಟುಕೊಂಡೇ ಬೆಂಗಳೂರಿಗೆ ಹೊರಟೆ. ಅಲ್ಲಿನ ಶಸ್ತ್ರಚಿಕಿತ್ಸಕರು ಮೊದಲು ನೋಡಿದ್ದು ಕಲೆಯನ್ನಲ್ಲ, ಹಚ್ಚೆಯ ಚುಕ್ಕಿಗಳನ್ನು. ಎದೆಯ ನಡುವಿನ ಚುಕ್ಕಿಯಿಂದ ಪಕ್ಕೆಯ ಚುಕ್ಕಿಯವರೆಗೆ ಅಳತೆ ಹಿಡಿದು, ನನ್ನ ಬಳಿಯಿದ್ದ ವಿಕಿರಣದ ಹಾಳೆಯಲ್ಲಿನ ಕ್ಷೇತ್ರದ ವಿವರದೊಡನೆ ಹೋಲಿಸಿ, ಕಲೆ ಕಿರಣ ಬಿದ್ದ ಗಡಿಯ ಒಳಗೇ ಇದೆ ಎಂದು ಖಚಿತಪಡಿಸಿಕೊಂಡರು. ವಿಕಿರಣದಿಂದಲೇ ಬಂದ ಗಡ್ಡೆ ಎನ್ನಲು 1948ರಲ್ಲಿ ಕಹಾನ್ ಮತ್ತು ಸಹೋದ್ಯೋಗಿಗಳು ಹಾಕಿಕೊಟ್ಟ ನಿಯಮಗಳನ್ನೇ ಸ್ವಲ್ಪ ತಿದ್ದಿಕೊಂಡು ಇಂದಿಗೂ ಬಳಸುತ್ತಾರೆ: ಗಡ್ಡೆ ಕಿರಣ ಬಿದ್ದ ಜಾಗದಲ್ಲೇ ಹುಟ್ಟಿರಬೇಕು, ನಡುವೆ ವರ್ಷಗಳು ಕಳೆದಿರಬೇಕು, ಮೊದಲಿನ ಕ್ಯಾನ್ಸರಿಗಿಂತ ಬೇರೆಯೇ ಬಗೆಯ ಅಂಗಾಂಶದ್ದಾಗಿರಬೇಕು. ಮೊದಲನೆಯ ಎರಡು ನನ್ನ ಕಾಗದ ಮತ್ತು ಚುಕ್ಕಿಗಳಿಂದ ತೀರ್ಮಾನವಾದವು. ಮೂರನೆಯದಕ್ಕೆ ಬಯಾಪ್ಸಿ ಬೇಕಾಗಿತ್ತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿಯಲ್ಲಿ ದುಂಡಗಿನ ಅಲಗಿರುವ ಸಣ್ಣ ಉಪಕರಣವನ್ನು ಚರ್ಮದ ಮೇಲೆ ಒತ್ತಿ ತಿರುಗಿಸಿ, ನಾಲ್ಕು ಮಿಲಿಮೀಟರಿನ ತುಣುಕನ್ನು ಕೊಬ್ಬಿನ ಪದರದ ಸಮೇತ ಎತ್ತಿ ಫಾರ್ಮಲಿನ್ ಸೀಸೆಗೆ ಹಾಕಿದರು. ಸೀಸೆಯ ಚೀಟಿಯನ್ನು ನಾನೇ ಓದಿ ನೋಡಿದೆ. ಪ್ರಯೋಗಾಲಯಕ್ಕೆ ಹೋಗುವ ನಮೂನೆಯ ತಲೆಯ ಮೇಲೆ, ಈ ಚರ್ಮಕ್ಕೆ 2013ರಲ್ಲಿ ವಿಕಿರಣ ಆಗಿದೆ ಎಂದು ವೈದ್ಯರು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಹಾಕಿದರು. ಆ ಸಾಲು ಇಲ್ಲದಿದ್ದರೆ ರೋಗಶಾಸ್ತ್ರಜ್ಞರು ಇದನ್ನು ಸಾಧಾರಣ ರಕ್ತನಾಳದ ಗಂಟೆಂದು ಬರೆದು ಮುಗಿಸುವ ಸಾಧ್ಯತೆಯೂ ಇದೆಯಂತೆ. ಹೊಲಿಗೆ ಒಂದೇ ಆದರೂ ಮಾಗಲು ಬಹಳ ದಿನ ಹಿಡಿಯಿತು. ಕಿರಣ ಬಿದ್ದ ಚರ್ಮಕ್ಕೆ ರಕ್ತ ಸಂಚಾರ ಕಡಿಮೆ.

ವರದಿ ಎರಡು ಕಂತಿನಲ್ಲಿ ಬಂತು. ಮೊದಲನೆಯದರಲ್ಲಿ ರಕ್ತನಾಳಗಳ ಅಸಹಜ ಬೆಳವಣಿಗೆ, ವಿಶೇಷ ಬಣ್ಣಗಾರಿಕೆಯ ಪರೀಕ್ಷೆಗೆ ಕಳುಹಿಸಿದೆ ಎಂದಷ್ಟೇ ಇತ್ತು. ಈ ಕಂತು ಮತ್ತು ಮುಂದಿನದರ ನಡುವಿನ ಅವಧಿಯಲ್ಲಿ ನಾನು ಎಷ್ಟು ಓದಿದೆನೆಂದರೆ ಮಗಳು ಫೋನನ್ನೇ ಕಿತ್ತಿಟ್ಟಳು. ವಿಕಿರಣದ ನಂತರ ಬರುವ ಆಂಜಿಯೊಸಾರ್ಕೋಮದಲ್ಲಿ ಸಾಮಾನ್ಯವಾಗಿ ಮಿಕ್ ಎಂಬ ಜೀನಿನ ಪ್ರತಿಗಳು ವಿಪರೀತ ಹೆಚ್ಚಿರುತ್ತವೆ. ಅದೇ ಚರ್ಮದಲ್ಲಿ ಬರುವ, ಕ್ಯಾನ್ಸರ್ ಅಲ್ಲದ ‘ಎಟಿಪಿಕಲ್ ವ್ಯಾಸ್ಕ್ಯುಲರ್ ಲೀಷನ್’ ಎಂಬ ಬೆಳವಣಿಗೆಯಲ್ಲಿ ಹಾಗಿರುವುದಿಲ್ಲ. ಎರಡನ್ನೂ ಬೇರ್ಪಡಿಸಲು ಈ ಪರೀಕ್ಷೆ. ನನ್ನದರಲ್ಲಿ ಮಿಕ್ ನೆಗೆಟಿವ್ ಬಂತು. ಆದರೂ ಶಸ್ತ್ರಚಿಕಿತ್ಸಕರು ಅಷ್ಟಕ್ಕೇ ಬಿಡಲಿಲ್ಲ. ನಾಲ್ಕು ಮಿಲಿಮೀಟರಿನ ತುಣುಕು ಇಡೀ ಕಲೆಯ ಪರವಾಗಿ ಮಾತಾಡಲಾರದು, ಪಕ್ಕದಲ್ಲೇ ಬೇರೆಯದು ಅಡಗಿರಬಹುದು ಎಂದು ಕಲೆಯನ್ನು ಸುತ್ತಲಿನ ಚರ್ಮದ ಸಮೇತ ಪೂರ್ತಿ ತೆಗೆದರು. ಆ ವರದಿಯಲ್ಲೂ ಅದೇ ಬಂತು, ಅಂಚುಗಳು ಸ್ವಚ್ಛವಾಗಿದ್ದವು.

ಅತ್ತಿಗೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ, “ನಾನು ಅವತ್ತೇ ಹೇಳಿರಲಿಲ್ವೇನೇ” ಎಂದರು. ಅವರು ಹೇಳಿದ್ದು ಹೌದು. ಆದರೂ 2013ರ ಆ ಚೀಟಿಯನ್ನು ಇವತ್ತು ಮತ್ತೆ ನನ್ನ ಮುಂದಿಟ್ಟರೆ ನಾನು ಅದೇ ನಿರ್ಧಾರ ಮಾಡುತ್ತೇನೆ. ಅಮೆರಿಕದ ಕ್ಯಾನ್ಸರ್ ನೋಂದಣಿ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಕಿರಣ ಪಡೆದ ವಯಸ್ಕರಲ್ಲಿ ಮುಂದೆ ಬಂದ ಎರಡನೆಯ ಕ್ಯಾನ್ಸರುಗಳಲ್ಲಿ ಶೇ. 8ರಷ್ಟನ್ನು ಮಾತ್ರ ವಿಕಿರಣದ ಲೆಕ್ಕಕ್ಕೆ ಹಚ್ಚಬಹುದೆಂದು ಅಂದಾಜಿಸಿದೆ. ಉಳಿದವು ವಯಸ್ಸು, ಜೀನು, ತಂಬಾಕು ಮತ್ತಿತರ ಕಾರಣಗಳವು. ಅಪಾಯ ಒಂದೂವರೆ ಪಟ್ಟು ಎಂದು ಓದಿ ಎದೆ ಒಡೆದುಕೊಳ್ಳುವವರು, ಯಾವುದರ ಒಂದೂವರೆ ಪಟ್ಟು ಎಂದು ಕೇಳಬೇಕು. ಸಾವಿರಕ್ಕೆ ಎರಡಿದ್ದದ್ದು ಮೂರಾದರೂ ಅದು ಒಂದೂವರೆ ಪಟ್ಟೇ. ವಿಮಾ ಕಂತು ಏರಿಸುವಾಗ ನಾವೂ ಗ್ರಾಹಕರಿಗೆ ಪಟ್ಟಿನ ಲೆಕ್ಕವನ್ನೇ ಹೇಳುತ್ತಿದ್ದೆವು.

ಈಗ ಆರು ತಿಂಗಳಿಗೊಮ್ಮೆ ಚರ್ಮದ ತಪಾಸಣೆ, ವರ್ಷಕ್ಕೊಮ್ಮೆ ಎರಡೂ ಸ್ತನಗಳ ಮ್ಯಾಮೊಗ್ರಾಮ್ ನಡೆಯುತ್ತಿದೆ. ವಿಕಿರಣದ ಹಾಳೆ ಮತ್ತು ಬಯಾಪ್ಸಿ ವರದಿಯ ಪ್ರತಿಗಳು ಮಗಳ ಫೋನಿನಲ್ಲೂ ಇವೆ. ಕೆಮ್ಮು ಮೂರು ವಾರವಾದರೂ ಹೋಗದಿದ್ದರೆ, ನುಂಗುವಾಗ ಅಡ್ಡಿಯಾದರೆ, ಯಾವ ವೈದ್ಯರ ಬಳಿ ಹೋದರೂ ಮೊದಲು ಎಡ ಎದೆಗೆ ಕಿರಣ ಆಗಿದೆ ಎಂದು ಹೇಳಿ ಆಮೇಲೆ ಕೆಮ್ಮಿನ ಮಾತು ತೆಗೆಯುತ್ತೇನೆ. ಕಳೆದ ಸಲ ಹೋದಾಗ ಎಡ ತೋಳಿನ ಊತದ ಬಗ್ಗೆ ಕೇಳಿದೆ. ಕಂಕುಳಿನ ಗ್ರಂಥಿ ತೆಗೆಸಿದವರಲ್ಲಿ ವರ್ಷಗಟ್ಟಲೆ ಉಳಿದ ಊತದಲ್ಲಿ ಆಂಜಿಯೊಸಾರ್ಕೋಮದ ಜಾತಿಯದೇ ಕ್ಯಾನ್ಸರ್ ಅಪರೂಪಕ್ಕೆ ಹುಟ್ಟುವುದನ್ನು ಸ್ಟುವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು 1948ರಲ್ಲೇ ವರದಿ ಮಾಡಿದ್ದರು. ಅದು ವಿಕಿರಣದಿಂದಲ್ಲ, ನಿಂತ ದುಗ್ಧರಸದಿಂದ. ಆ ಭಯಕ್ಕಿಂತ ಸೋಂಕಿನ ಭಯ ಹತ್ತಿರದ್ದು, ಆದರೆ ಎರಡಕ್ಕೂ ಊತ ಇಳಿಸುವುದೇ ಮದ್ದು ಎಂದು ವೈದ್ಯರು ಫಿಸಿಯೊಥೆರಪಿಸ್ಟ್ ಬಳಿಗೆ ಕಳುಹಿಸಿದರು. ಆಕೆ ಮೊಣಕೈಯ ಮೇಲೂ ಕೆಳಗೂ ಟೇಪು ಹಿಡಿದು ಅಳೆದು, ಬಿಗಿ ತೋಳುಚೀಲ ಕೊಟ್ಟು, ಹಗಲೆಲ್ಲ ಹಾಕಿಕೊಳ್ಳಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಡಿ, ತೋಳಿನ ಮೇಲೆ ನೇರಳೆ ಕಲೆ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಬಂದುಬಿಡಿ ಎಂದರು. ಚೀಲ ಬೇಸಿಗೆಯಲ್ಲಿ ವಿಪರೀತ ಸೆಕೆ, ಬೆಲೆಯೂ ಕಡಿಮೆಯೇನಲ್ಲ, ಹಾಕಿಕೊಳ್ಳುತ್ತಿದ್ದೇನೆ.